ಹೊಸ ಮನೆಗೆ ಮರದ ಕಿಟಕಿ: ಆರಿಸುವ ಮುನ್ನ ತಿಳಿಯಬೇಕಾದ್ದು

ಮನೆ ಕಟ್ಟಿಸುವವರು ಕಿಟಕಿಯ ಆಯ್ಕೆಗೆ ಬರುವ ಹೊತ್ತಿಗೆ ಗೋಡೆ ಎದ್ದು ನಿಂತಿರುತ್ತದೆ, ಕೈಯಲ್ಲಿದ್ದ ಹಣದ ದೊಡ್ಡ ಪಾಲೂ ಖರ್ಚಾಗಿರುತ್ತದೆ. ಯುಪಿವಿಸಿ ಅಥವಾ ಅಲ್ಯೂಮಿನಿಯಂ ಕಿಟಕಿಯಾದರೆ ಅಳತೆ ಕೊಟ್ಟರೆ ಸಾಕು, ಸಿದ್ಧವಾಗಿ ಬಂದು ಕೂರುತ್ತದೆ. ಮರದ್ದು ಮಳೆಗಾಲದಲ್ಲಿ ಉಬ್ಬುತ್ತದೆ, ಗೆದ್ದಲು ಹಿಡಿಯುತ್ತದೆ, ಆಗಾಗ ಪಾಲಿಶ್ ಕೇಳುತ್ತದೆ ಎಂಬ ಮಾತು ಎಲ್ಲ ಕಡೆಯಿಂದಲೂ ಕಿವಿಗೆ ಬೀಳುತ್ತದೆ. ಈ ದೂರುಗಳು ಸುಳ್ಳಲ್ಲ. ಆದರೆ ಅವುಗಳಲ್ಲಿ ಬಹುಪಾಲು ಹುಟ್ಟುವುದು ಹಸಿ ಮರವನ್ನು ಅವಸರದಲ್ಲಿ ಕೊಯ್ದು, ನೆರಳಿಲ್ಲದ ಗೋಡೆಗೆ ಕೂರಿಸಿದಾಗ. ಒಣಗಿದ ಮರ, ಕೆಲಸ ಬಲ್ಲ ಬಡಗಿ, ಮೇಲೊಂದು ಅಗಲವಾದ ಸಜ್ಜಾ ಈ ಮೂರೂ ಒದಗಿದರೆ ಮರದ ಕಿಟಕಿ ಇಂದಿನ ಮನೆಗೂ ಲೆಕ್ಕಕ್ಕೆ ನಿಲ್ಲುವ ಆಯ್ಕೆ. ಕೆಟ್ಟರೆ ಊರಿನಲ್ಲೇ ಸರಿಪಡಿಸಬಹುದಾದ ಕಿಟಕಿಯೂ ಅದೇ.

ಮರ ಕಡಿದ ಮೇಲೂ ಗಾಳಿಯ ತೇವದೊಂದಿಗೆ ಅದರ ಕೊಡುಕೊಳ್ಳುವಿಕೆ ನಿಲ್ಲುವುದಿಲ್ಲ. ಮರದೊಳಗಿನ ತೇವಾಂಶ ಸುಮಾರು ಶೇ 30ಕ್ಕಿಂತ ಕೆಳಗಿಳಿದ ಮೇಲೆ ಅದು ಕುಗ್ಗತೊಡಗುತ್ತದೆ, ಮತ್ತೆ ತೇವ ಹೀರಿದರೆ ಹಿಗ್ಗುತ್ತದೆ. ಉದ್ದಕ್ಕೆ ಈ ಬದಲಾವಣೆ ಇಲ್ಲವೆನ್ನುವಷ್ಟು ಕಡಿಮೆ. ಅಗಲಕ್ಕೆ ಮಾತ್ರ ಗಮನಿಸಲೇಬೇಕಾದಷ್ಟು ಇರುತ್ತದೆ. ನೂರು ಮಿಲಿಮೀಟರ್ ಅಗಲದ ತೇಗದ ಪಟ್ಟಿಯ ತೇವಾಂಶ ಬೇಸಿಗೆಗೂ ಮಳೆಗಾಲಕ್ಕೂ ಶೇ 6ರಷ್ಟು ಏರಿಳಿದರೆ ಅದು ಸುಮಾರು ಒಂದು ಮಿಲಿಮೀಟರ್ ಹಿಗ್ಗಬಲ್ಲದು. ಮತ್ತಿಯಂಥ ಮರ ಇನ್ನೂ ಹೆಚ್ಚು ಹಿಗ್ಗುತ್ತದೆ. ಆದ್ದರಿಂದಲೇ ಭಾರತೀಯ ಮಾನಕ ಐಎಸ್ 287 ದೇಶವನ್ನು ಹವೆಗೆ ತಕ್ಕಂತೆ ವಲಯಗಳಾಗಿ ವಿಂಗಡಿಸಿ, ಯಾವ ವಲಯದಲ್ಲಿ ಬಾಗಿಲು-ಕಿಟಕಿಯ ಮರದಲ್ಲಿ ಎಷ್ಟು ತೇವಾಂಶ ಇರಬಹುದೆಂದು ಹೇಳುತ್ತದೆ. ಕಲಬುರಗಿಯ ಒಣ ಹವೆಗೆ ಹೊಂದಿದ ಮರ ಮಂಗಳೂರಿನಲ್ಲಿ ಬಿಗಿಯಾಗುತ್ತದೆ, ಕರಾವಳಿಯಲ್ಲಿ ಸರಿಯಾಗಿ ಕೂತ ಮರ ಕಲಬುರಗಿಯಲ್ಲಿ ಸಂದು ಬಿಡುತ್ತದೆ. ಸಾಮಿಲ್‌ನಲ್ಲಿ ಮರ ಕೊಳ್ಳುವಾಗ ಮಾಯಿಶ್ಚರ್ ಮೀಟರ್ ಹಿಡಿದು ನೋಡುವುದು ಬಣ್ಣ ನೋಡುವುದಕ್ಕಿಂತ ಮುಖ್ಯ.

ತೇಗಕ್ಕೆ ಸಿಕ್ಕಿರುವ ಗೌರವಕ್ಕೆ ಕಾರಣವಿದೆ. ಅದು ಒಣಗುವಾಗ ಕಡಿಮೆ ಕುಗ್ಗುತ್ತದೆ. ಮರದ ಗಟ್ಟಿ ಒಳತಿರುಳಾದ ಚೇಗಿನಲ್ಲಿರುವ ಎಣ್ಣೆಯಂಶ ಮತ್ತು ರಾಸಾಯನಿಕಗಳು ಗೆದ್ದಲನ್ನೂ ಶಿಲೀಂಧ್ರವನ್ನೂ ದೂರವಿಡುತ್ತವೆ. ಆದರೆ ಈ ಗುಣ ಚೇಗಿನದು ಮಾತ್ರ. ಹೊರಗಿನ ಬಿಳಿ ಭಾಗ ತೇಗದ್ದೇ ಆದರೂ ಗೆದ್ದಲಿಗೆ ಆಹಾರವೇ. ಬೇಗ ಬೆಳೆಸಿ ಎಳೆಯದರಲ್ಲೇ ಕಡಿದ ತೋಟದ ತೇಗದಲ್ಲಿ ಈ ಬಿಳಿ ಭಾಗ ಹೆಚ್ಚು. ಹಾಗಾಗಿ ತೇಗ ಎಂಬ ಹೆಸರೊಂದನ್ನೇ ನಂಬಿ ಹಣ ಕೊಡುವುದು ಜಾಣತನವಲ್ಲ. ಹೊನ್ನೆ, ಮತ್ತಿ, ನಂದಿ, ಹಲಸು ನಮ್ಮ ಮನೆಗಳಲ್ಲಿ ತಲೆಮಾರುಗಳಿಂದ ಬಳಕೆಯಲ್ಲಿವೆ. ಮಲೆನಾಡು, ಕರಾವಳಿಗಳಲ್ಲಿ ಅಕೇಶಿಯಾ ಮರವೂ ಬಡಗಿಗಳ ಕೈಗೆ ಬಂದಿದೆ. ಕೊಂಡ ಮರ ಯಾವುದೆಂಬ ಸಂಶಯ ಬಂದರೆ ಕೇಳಲು ಜಾಗವಿದೆ. ಬೆಂಗಳೂರಿನ ಮಲ್ಲೇಶ್ವರದಲ್ಲಿರುವ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ 1938ರಲ್ಲಿ ಅರಣ್ಯ ಸಂಶೋಧನಾ ಪ್ರಯೋಗಾಲಯವಾಗಿ ಆರಂಭವಾಗಿ, 1988ರಲ್ಲಿ ಈಗಿನ ರೂಪ ಪಡೆಯಿತು. ಮರದ ತುಂಡನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ ಜಾತಿ ಗುರುತಿಸುವ ಸೇವೆ ಅಲ್ಲಿದೆ. ಲಕ್ಷಾಂತರ ರೂಪಾಯಿಯ ಮರ ಕೊಳ್ಳುವವರು ಒಂದು ತುಂಡಿನ ಪರೀಕ್ಷೆಗೆ ಹಿಂಜರಿಯಬೇಕಿಲ್ಲ.

ಮರ ಎಷ್ಟು ಒಳ್ಳೆಯದಾದರೂ ಕಿಟಕಿಯ ಆಯಸ್ಸು ನಿರ್ಧಾರವಾಗುವುದು ಬಡಗಿಯ ಕೈಯಲ್ಲಿ. ಚೌಕಟ್ಟಿನ ಮೂಲೆಯಲ್ಲಿ ಒಂದು ಪಟ್ಟಿಯ ತುದಿಯನ್ನು ನಾಲಗೆಯ ಹಾಗೆ ಕೆತ್ತಿ ಇನ್ನೊಂದರ ಕುಳಿಯೊಳಗೆ ಬಿಗಿಯಾಗಿ ಕೂರಿಸಿ ಮರದ ಮೊಳೆ ಹೊಡೆದರೆ, ಮರ ಹಿಗ್ಗಿ ಕುಗ್ಗಿದರೂ ಮೂಲೆ ಸಡಿಲವಾಗುವುದಿಲ್ಲ. ಬರೀ ಅಂಟು ಮತ್ತು ಕಬ್ಬಿಣದ ಮೊಳೆಯನ್ನು ನಂಬಿದ ಮೂಲೆ ಕೆಲವು ಮಳೆಗಾಲಗಳಲ್ಲೇ ಬಾಯಿ ಬಿಡುತ್ತದೆ. ಮರ ನೀರನ್ನು ಮೈಯಿಂದ ಹೀರುವುದಕ್ಕಿಂತ ಕೊಯ್ದ ತುದಿಯಿಂದ ಎಷ್ಟೋ ಪಟ್ಟು ವೇಗವಾಗಿ ಹೀರುತ್ತದೆ. ಆದ್ದರಿಂದ ಜೋಡಿಸುವ ಮುನ್ನ ತುದಿಗಳಿಗೂ ಗೋಡೆಗೆ ತಾಗುವ ಮೈಗೂ ಪ್ರೈಮರ್ ಬಳಿಯಬೇಕು. ಕೆಳಗಿನ ಪಟ್ಟಿ ಹೊರಗಡೆಗೆ ಇಳಿಜಾರಾಗಿರಬೇಕು, ಅದರ ಅಡಿಯಲ್ಲಿ ನೀರು ತೊಟ್ಟಿಕ್ಕಿ ಬೀಳಲು ಸಣ್ಣ ಗೀರು ಬೇಕು. ಕಿಟಕಿಯ ಕದಕ್ಕೂ ಚೌಕಟ್ಟಿಗೂ ನಡುವೆ ಮಳೆಗಾಲದ ಹಿಗ್ಗುವಿಕೆಗೆಂದೇ ಒಂದಿಷ್ಟು ಸಂದು ಬಿಟ್ಟಿರಬೇಕು. ಇವೆಲ್ಲ ಹಣ ಕೇಳುವ ಕೆಲಸಗಳಲ್ಲ, ತಿಳಿವಳಿಕೆ ಕೇಳುವ ಕೆಲಸಗಳು.

ಬಿಸಿಲಿನ ಲೆಕ್ಕವೂ ಮರದ ಪರವಾಗಿದೆ. ಅಲ್ಯೂಮಿನಿಯಂ ಮರಕ್ಕಿಂತ ಸಾವಿರ ಪಟ್ಟಿಗೂ ಹೆಚ್ಚು ಸುಲಭವಾಗಿ ಶಾಖವನ್ನು ಸಾಗಿಸುತ್ತದೆ. ಪಡುವಣ ಗೋಡೆಯ ಅಲ್ಯೂಮಿನಿಯಂ ಚೌಕಟ್ಟು ಸಂಜೆಯ ಹೊತ್ತಿಗೆ ಒಳಗಿನಿಂದಲೂ ಸುಡುವುದು ಇದರಿಂದಲೇ. ಯುಪಿವಿಸಿ ಶಾಖ ತಡೆಯುವುದರಲ್ಲಿ ಮರಕ್ಕೆ ಸಮಾನ ಎಂಬುದನ್ನು ಒಪ್ಪಬೇಕು. ಆದರೆ ಬಿಸಿಯೇರಿದಾಗ ಅದು ಉದ್ದಕ್ಕೆ ಹಿಗ್ಗುವುದು ಮರಕ್ಕಿಂತ ಹತ್ತು ಪಟ್ಟಿಗೂ ಹೆಚ್ಚು. ಅದರ ಬಿಗಿತಕ್ಕೆ ಒಳಗೆ ಉಕ್ಕಿನ ಪಟ್ಟಿ ಬೇಕಾಗುವುದೂ ಉಂಟು. ವರ್ಷಗಳ ಮೇಲೆ ಅದರ ರಬ್ಬರ್ ಪಟ್ಟಿಯೋ ಚಕ್ರವೋ ಬೀಗವೋ ಕೆಟ್ಟಾಗ, ಅದೇ ಮಾದರಿಯ ಬಿಡಿಭಾಗ ಮಾರುಕಟ್ಟೆಯಲ್ಲಿ ಉಳಿದಿದ್ದರೆ ಮಾತ್ರ ರಿಪೇರಿ ಸಾಧ್ಯ. ಮರದ ಕಿಟಕಿಯಲ್ಲಿ ಕೊಳೆತ ಭಾಗವನ್ನಷ್ಟೇ ಕತ್ತರಿಸಿ ಹೊಸ ತುಂಡು ಸೇರಿಸಬಹುದು, ಉಬ್ಬಿದ ಅಂಚನ್ನು ಕೆತ್ತಬಹುದು, ಗಾಜು ಒಡೆದರೆ ಗಾಜನ್ನೇ ಬದಲಿಸಬಹುದು. ಈ ಕೆಲಸಕ್ಕೆ ಬೇಕಾದ ಬಡಗಿ ಹೋಬಳಿಯಲ್ಲೂ ಸಿಗುತ್ತಾರೆ.

ಇಷ್ಟಾದರೂ ಎಣ್ಣೆ, ಬಣ್ಣ, ಪಾಲಿಶ್ ಎಂದು ಯಾರು ಕೂತು ಮಾಡುತ್ತಾರೆ ಎಂಬ ಆಕ್ಷೇಪ ಉಳಿಯುತ್ತದೆ. ಸಜ್ಜಾದ ಅಡಿಯ ಕಿಟಕಿಗೆ ಹೊರಮೈ ಬಣ್ಣ ಕೆಲವು ವರ್ಷಕ್ಕೊಮ್ಮೆ ಸಾಕು, ಗೋಡೆಗೆ ಸುಣ್ಣಬಣ್ಣ ಹೊಡೆಸುವಾಗಲೇ ಅದೂ ಮುಗಿಯುತ್ತದೆ. ಬಿಸಿಲು ಮಳೆ ನೇರವಾಗಿ ಬಡಿಯುವ ಕಡೆ ಹೊಳೆಯುವ ವಾರ್ನಿಷ್ ಬೇಗ ಸಿಪ್ಪೆ ಏಳುತ್ತದೆ, ಎನಾಮಲ್ ಬಣ್ಣ ಅದಕ್ಕಿಂತ ಹೆಚ್ಚು ಕಾಲ ಬಾಳುತ್ತದೆ. ಮೊದಲ ಖರ್ಚು ಹೆಚ್ಚೆಂಬ ಮಾತೂ ನಿಜವೇ. ಅದಕ್ಕೆ ಉತ್ತರ ಮನೆಯೆಲ್ಲ ತೇಗ ಹಾಕುವುದಲ್ಲ. ಹೊರಗಿನ ಚೌಕಟ್ಟಿಗೆ ಚೇಗು ತುಂಬಿದ ಗಟ್ಟಿಮರ, ಒಳಭಾಗಕ್ಕೆ ಸಂಸ್ಕರಿಸಿದ ಕಡಿಮೆ ಬೆಲೆಯ ಮರ ಎಂದು ಹಂಚಿಕೊಂಡರೆ ಖರ್ಚು ಇಳಿಯುತ್ತದೆ. ಬೋರಾಕ್ಸ್-ಬೋರಿಕ್ ದ್ರಾವಣದ ಸಂಸ್ಕರಣೆ ನೀರಿನಲ್ಲಿ ತೊಳೆದುಹೋಗುವಂಥದ್ದು, ಹಾಗಾಗಿ ಅದು ಒಳಗಿನ ಮರಕ್ಕಷ್ಟೇ ಸರಿ.

ಎಲ್ಲಕ್ಕಿಂತ ಗಂಭೀರವಾದ ಪ್ರಶ್ನೆ ಕಾಡಿನದು. ಕಾಡು ಉಳಿಸಲೆಂದೇ ಕೇಂದ್ರ ಲೋಕೋಪಯೋಗಿ ಇಲಾಖೆ 1993ರಲ್ಲಿ ತನ್ನ ಕಟ್ಟಡಗಳಲ್ಲಿ ಮರದ ಬಳಕೆಯನ್ನು ನಿಷೇಧಿಸಿತ್ತು. ಆ ನಿಷೇಧವನ್ನು 2020ರಲ್ಲಿ ಹಿಂತೆಗೆದುಕೊಂಡದ್ದು, ರೈತರು ಹೊಲದ ಬದುವಿನಲ್ಲಿ, ತೋಟದಲ್ಲಿ ಬೆಳೆಸುವ ಮರಕ್ಕೆ ಮಾರುಕಟ್ಟೆ ಬೇಕೆಂಬ ಕಾರಣಕ್ಕೆ. ಒಣಗಿದ ಮರದ ತೂಕದಲ್ಲಿ ಹತ್ತಿರ ಹತ್ತಿರ ಅರ್ಧ ಇಂಗಾಲ. ಕಿಟಕಿಯಾಗಿ ನಿಂತಿರುವಷ್ಟು ಕಾಲ ಅದು ಗಾಳಿಗೆ ಸೇರುವುದಿಲ್ಲ. ಇದಕ್ಕೆ ಎದುರಾಗಿ, ಒಂದು ಕಿಲೋ ಅಲ್ಯೂಮಿನಿಯಂ ಹೊಸದಾಗಿ ತಯಾರಾಗಲು ಸುಮಾರು 14 ಯೂನಿಟ್ ವಿದ್ಯುತ್ ಬೇಕು. ಕಾಡಿನ ಹಳೆಯ ಮರಕ್ಕೆ ಕೊಡಲಿ ಹಾಕುವುದು ತಪ್ಪು. ಬೆಳೆಸಿದ ಮರವನ್ನು ದಾಖಲೆ ಸಮೇತ ಕೊಂಡು ತಲೆಮಾರಿನವರೆಗೆ ಬಾಳಿಸುವುದು ತಪ್ಪಲ್ಲ.

ಸಜ್ಜಾ ಹಾಕಲಾಗದ ಎತ್ತರದ ಗೋಡೆಗೆ, ಸದಾ ನೀರಾಡುವ ಬಚ್ಚಲಿಗೆ ಬೇರೆ ಸಾಮಗ್ರಿಯೇ ಲೇಸು. ಉಳಿದ ಕಡೆಗೆ ಮರ ಒಪ್ಪುತ್ತದೆ. ಮನೆ ಕಟ್ಟಿಸುವವರು ಪಾಯ ತೋಡಿಸುವ ಹೊತ್ತಿಗೇ ಮರ ಕೊಂಡು, ಕೊಯ್ಯಿಸಿ, ನೆರಳಲ್ಲಿ ಪಟ್ಟಿ ಇಟ್ಟು ಪೇರಿಸಿ ಒಣಗಲು ಬಿಡಲಿ. ಮುಂಗಡ ಕೊಡುವ ಮುನ್ನ ಮರ ಯಾವುದು, ತೇವಾಂಶ ಎಷ್ಟು, ಮೂಲೆ ಹೇಗೆ ಜೋಡಿಸುತ್ತೀರಿ ಎಂಬ ಮೂರು ಪ್ರಶ್ನೆಗಳನ್ನು ಕೇಳಲಿ. ಈ ಮೂರಕ್ಕೂ ತಡವರಿಸದೆ ಉತ್ತರಿಸುವ ಬಡಗಿಗೆ ಕೆಲಸ ಒಪ್ಪಿಸಿ, ಅವರು ಕೇಳುವ ಸಮಯವನ್ನೂ ಕೂಲಿಯನ್ನೂ ಚೌಕಾಸಿಯಿಲ್ಲದೆ ಕೊಡಲಿ.