ಹಿಮಖಂಡಕ್ಕೆ ಗೋವೆಯ ಬುತ್ತಿ

ಚಿತ್ರದುರ್ಗ ಜಿಲ್ಲೆಯ ಹಿರಿಯೂರು ಸೀಮೆ ಮಳೆ ಕಡಿಮೆಯ ನಾಡು. ಯಲ್ಲದಕೆರೆಯಂಥ ಊರುಗಳಲ್ಲಿ ಸಂಸಾರ ಹೂಡಿದವರಿಗೆ ಮುಂದಾಲೋಚನೆಯ ಬೆಲೆಯನ್ನು ಯಾರೂ ಕಲಿಸಿಕೊಡಬೇಕಾಗಿಲ್ಲ. ಬಯಲುಸೀಮೆಯ ಹಿರಿಯರು ಸುಗ್ಗಿ ಮುಗಿದೊಡನೆ ರಾಗಿಯನ್ನು ಹಗೇವಿಗೆ ತುಂಬಿ, ಮುಂದಿನ ಮಳೆ ಕೈಕೊಟ್ಟರೂ ಮನೆಮಂದಿ ಉಪವಾಸವಿರದಂತೆ ಲೆಕ್ಕ ಹಾಕುತ್ತಿದ್ದರು. ಒಂದು ಕಾಳೂ ಬೆಳೆಯದ, ಸುಗ್ಗಿಯೆಂಬುದೇ ಇಲ್ಲದ ನಾಡಿಗಾಗಿ ಇಂಥದೇ ಲೆಕ್ಕವನ್ನು ವರ್ಷ ವರ್ಷವೂ ಹಾಕುವ ಕಚೇರಿಯೊಂದು ಕನ್ನಡನಾಡಿನ ನೆರೆಯಲ್ಲೇ ಇದೆಯೆಂಬುದು ಎಷ್ಟು ಜನ ವಾಚಕರಿಗೆ ಗೊತ್ತು?

ಹುಬ್ಬಳ್ಳಿಯಿಂದ ಪಶ್ಚಿಮಕ್ಕೆ ಹೊರಟ ರೈಲು ಲೋಂಡಾ, ಕ್ಯಾಸಲ್‌ರಾಕ್ ದಾಟಿ, ದೂಧಸಾಗರದ ಜಲಪಾತದ ಮಗ್ಗುಲಲ್ಲಿ ಘಟ್ಟವಿಳಿದು, ಗೋವೆಯ ವಾಸ್ಕೋ-ಡ-ಗಾಮ ಪಟ್ಟಣವನ್ನು ಸೇರುತ್ತದೆ. ಆ ಪಟ್ಟಣದ ಸಡಾ ದಿಬ್ಬದ ಮೇಲಿರುವುದೇ ರಾಷ್ಟ್ರೀಯ ಧ್ರುವ ಮತ್ತು ಸಾಗರ ಸಂಶೋಧನ ಕೇಂದ್ರ. 1998ರಲ್ಲಿ ಸ್ಥಾಪಿತವಾದ ಈ ಸಂಸ್ಥೆಗೆ ಈಗಿನ ಹೆಸರು ಬಂದುದು 2018ರಲ್ಲಿ. ತೆಂಗು ತೂಗುವ ಈ ಬೆಚ್ಚನೆಯ ಕರಾವಳಿಯಲ್ಲಿ ಕುಳಿತವರು ಅನುದಿನವೂ ಚಿಂತಿಸುವುದು 10,000 ಕಿಲೋಮೀಟರಿಗೂ ಆಚೆ, ಅಂಟಾರ್ಕ್ಟಿಕದ ಹಿಮದ ನಡುವೆ ಇರುವ ಮನುಷ್ಯರನ್ನು ಕುರಿತು!

ಹಿಮ ನುಂಗಿದ ಮನೆ

ಭಾರತದ ಮೊದಲ ಅಂಟಾರ್ಕ್ಟಿಕ ಯಾತ್ರೆ ಹೊರಟುದೂ ಗೋವೆಯಿಂದಲೇ. 1981ರ ಡಿಸೆಂಬರ್ 6ರಂದು ಡಾ. ಎಸ್. ಝಡ್. ಖಾಸಿಂ ಅವರ ನೇತೃತ್ವದಲ್ಲಿ 21 ಜನರ ತಂಡ ನಾರ್ವೆಯ ಹಡಗೊಂದನ್ನೇರಿತು. 1982ರ ಜನವರಿ 9ರಂದು ಹಿಮಖಂಡದ ಮೇಲೆ ಕಾಲಿರಿಸಿತು. ಎರಡು ವರ್ಷಗಳ ಬಳಿಕ ಹಿಮದ ಹಾಸಿನ ಮೇಲೆಯೇ ‘ದಕ್ಷಿಣ ಗಂಗೋತ್ರಿ’ ನೆಲೆ ಎದ್ದಿತು. ಆದರೆ ಹಿಮವು ಅದನ್ನು ಬಹುಕಾಲ ಬಾಳಗೊಡಲಿಲ್ಲ. ದಶಕ ಮುಗಿಯುವುದರೊಳಗೆ ನೆಲೆ ಹಿಮದಲ್ಲಿ ಹೂತುಹೋಯಿತು.

ಆ ಪಾಠ ವ್ಯರ್ಥವಾಗಲಿಲ್ಲ. 1989ರಲ್ಲಿ ಸಿದ್ಧವಾದ ‘ಮೈತ್ರಿ’ ನೆಲೆಗೆ ಆರಿಸಿಕೊಂಡುದು ಶಿರ್ಮಾಕರ್ ಎಂಬ ಕಲ್ಲುನೆಲ. ಪ್ರಿಯದರ್ಶಿನಿ ಎಂಬ ಸರೋವರ ಅಲ್ಲಿನವರಿಗೆ ಕುಡಿಯುವ ನೀರೀಯುತ್ತದೆ. ಅಲ್ಲಿಂದ ಸುಮಾರು 3,000 ಕಿಲೋಮೀಟರು ಪೂರ್ವಕ್ಕೆ, 2012ರಲ್ಲಿ, 134 ಸರಕುಪೆಟ್ಟಿಗೆಗಳನ್ನು ಜೋಡಿಸಿ ‘ಭಾರತಿ’ಯನ್ನು ಕಟ್ಟಲಾಯಿತು. ಉತ್ತರ ಧ್ರುವದ ಕಡೆಯಲ್ಲಿ, 2008ರಲ್ಲಿ ಆರಂಭವಾದ ‘ಹಿಮಾದ್ರಿ’ಯೂ ಗೋವೆಯ ಕೇಂದ್ರದ ಹೊಣೆಯೇ.

ಮರೆತರೆ ಗತಿಯಿಲ್ಲ

ನಮ್ಮಲ್ಲಿ ಚಳಿಗಾಲವಾದಾಗ ಅಲ್ಲಿ ಬೇಸಿಗೆ. ಸರಿಸುಮಾರು ನವೆಂಬರಿನಿಂದ ಮಾರ್ಚಿಯವರೆಗೆ ಮಾತ್ರ ಹಡಗು, ವಿಮಾನಗಳ ಸಂಚಾರ. ದಕ್ಷಿಣ ಆಫ್ರಿಕದ ಕೇಪ್‌ಟೌನ್ ಆ ಖಂಡಕ್ಕೆ ಹೆಬ್ಬಾಗಿಲು. ಕೊನೆಯ ಹಡಗು ಮರಳಿದ ಮೇಲೆ ಸಮುದ್ರವೇ ಹೆಪ್ಪುಗಟ್ಟುತ್ತದೆ; ನಡುಚಳಿಗಾಲದಲ್ಲಿ ಎರಡು ತಿಂಗಳ ಕಾಲ ಸೂರ್ಯನೇ ಮೂಡುವುದಿಲ್ಲ. ಒಂದೊಂದು ನೆಲೆಯಲ್ಲೂ ಉಳಿಯುವ ಇಪ್ಪತ್ತು ಇಪ್ಪತ್ತೈದು ಮಂದಿಗೆ ಮುಂದಿನ ಬೇಸಿಗೆಯ ತನಕ ಸಂಗ್ರಹಿಸಿಟ್ಟಿರುವುದೇ ಸರ್ವಸ್ವ.

ಆದುದರಿಂದಲೇ ಗೋವೆಯಲ್ಲಿ ತಯಾರಾಗುವ ಪಟ್ಟಿಗೆ ಅಷ್ಟು ಮಹತ್ವ. ಅಕ್ಕಿ, ಬೇಳೆ, ಔಷಧಿ, ಉಣ್ಣೆಯ ಉಡುಪು, ಯಂತ್ರದ ಬಿಡಿಭಾಗ - ಯಾವುದನ್ನು ಮರೆತರೂ ಪೇಟೆಗೆ ಓಡಿ ತರುವಂತಿಲ್ಲ. ಎಲ್ಲಕ್ಕಿಂತ ಮಿಗಿಲಾದುದು ತೈಲ. ಮಾಮೂಲು ಡೀಸೆಲ್ ಆ ಚಳಿಗೆ ಮೇಣದಂತೆ ಗಟ್ಟಿಯಾಗುವುದರಿಂದ ವಿಮಾನದ ತೈಲದಂಥ ಬೇರೆ ಇಂಧನವನ್ನೇ ಒಯ್ಯಬೇಕು. ವಿದ್ಯುಜ್ಜನಕ ನಿಂತರೆ ಬೆಳಕಷ್ಟೇ ಅಲ್ಲ, ಬಿಸುಪೂ ಹೋಗುತ್ತದೆ. ಬಿಸುಪು ಹೋದಲ್ಲಿ ಪ್ರಾಣವೆಲ್ಲಿ? ಹಡಗಿನಿಂದಿಳಿದ ಸಾಮಾನನ್ನು ಹಿಮದ ಮೇಲೆ ಚಲಿಸುವ ವಾಹನಗಳು ಸುಮಾರು 100 ಕಿಲೋಮೀಟರು ಎಳೆದೊಯ್ದು ಮೈತ್ರಿಗೆ ಮುಟ್ಟಿಸುತ್ತವೆ. ಕಸವನ್ನಾದರೂ ಅಲ್ಲೇ ಎಸೆಯುವಂತಿಲ್ಲ. 1991ರ ಮ್ಯಾಡ್ರಿಡ್ ಒಪ್ಪಂದಕ್ಕೆ ಅನುಸಾರವಾಗಿ ಅದನ್ನೂ ಹಿಂದಕ್ಕೆ ತರಬೇಕು. ಹೋಗುವುದರ ಲೆಕ್ಕದಂತೆ ಬರುವುದರ ಲೆಕ್ಕವೂ ಕೇಂದ್ರದ ಪಾಲಿನದೇ.

ಜನರ ಆಯ್ಕೆ ಇದಕ್ಕಿಂತ ಸೂಕ್ಷ್ಮ. ದೆಹಲಿಯಲ್ಲಿ ವೈದ್ಯರು ದೇಹವನ್ನೂ ಮನಸ್ಸನ್ನೂ ಪರೀಕ್ಷಿಸುತ್ತಾರೆ. ಹಿಮಾಲಯದ ಔಲಿಯಲ್ಲಿ ಗಡಿ ಪೊಲೀಸರು ಹಿಮದಲ್ಲಿ ಬದುಕುವ ಬಗೆಯನ್ನು ಕಲಿಸುತ್ತಾರೆ. ಇಷ್ಟು ಕಟ್ಟುನಿಟ್ಟು ಏಕೆಂದು ಕೇಳುವವರಿಗೆ ಮೈತ್ರಿಯ ನೆರೆಮನೆಯ ಕಥೆಯೇ ಉತ್ತರ. ಕೆಲವೇ ಕಿಲೋಮೀಟರು ದೂರದ ರಷ್ಯನ್ ನೆಲೆ ನೊವೊಲಜರೆವ್‌ಸ್ಕಯದಲ್ಲಿ, 1961ರ ಏಪ್ರಿಲ್ 30ರಂದು, 27 ವರ್ಷದ ವೈದ್ಯ ಲಿಯೊನಿದ್ ರೊಗೊಜೊವ್ ಕರುಳುಬಾಲದ ಉರಿಯೂತದಿಂದ ನರಳುತ್ತ, ಬೇರೆ ವೈದ್ಯರಿಲ್ಲದೆ, ತನ್ನ ಹೊಟ್ಟೆಯನ್ನು ತಾನೇ ಕೊಯ್ದು ಶಸ್ತ್ರಕ್ರಿಯೆ ಮಾಡಿಕೊಂಡರು. ಅವರು ಬದುಕಿದರು. ಎಲ್ಲರಿಗೂ ಆ ಭಾಗ್ಯವಿರಲಿಲ್ಲ. 1990ರ ಜನವರಿಯಲ್ಲಿ ಹಂಬೋಲ್ಟ್ ಪರ್ವತ ಪ್ರದೇಶದಲ್ಲಿ ಬೀಡುಬಿಟ್ಟಿದ್ದ ಭಾರತದ ನಾಲ್ವರು ಡೇರೆಯೊಳಗೆ ತುಂಬಿದ ಇಂಗಾಲದ ಮಾನಾಕ್ಸೈಡ್ ಅನಿಲಕ್ಕೆ ಬಲಿಯಾದರು.

ದೂರದ ದನಿ

ಈಗ ಉಪಗ್ರಹಗಳ ನೆರವಿನಿಂದ ನೆಲೆಗಳೊಡನೆ ಮಾತು ಸುಲಭವಾಗಿದೆ. ಭಾರತಿಯಲ್ಲಂತೂ ಭೂಮಿಯನ್ನು ವೀಕ್ಷಿಸುವ ಉಪಗ್ರಹಗಳು ಕಳಿಸುವ ಮಾಹಿತಿಯನ್ನು ಹಿಡಿದು ಹೈದರಾಬಾದಿನ ಬಳಿಯ ಶಾದನಗರಕ್ಕೆ ರವಾನಿಸುವ ನಿಲ್ದಾಣವೇ ಇದೆ. ಧ್ರುವಗಳ ಮೇಲೆ ಸುತ್ತುವ ಉಪಗ್ರಹ ದಿನಕ್ಕೆ ಹದಿನಾಲ್ಕರಷ್ಟು ಬಾರಿ ಆ ಭಾಗಕ್ಕೆ ಬರುವುದರಿಂದ ಅದಕ್ಕೆ ಅಷ್ಟು ಬೆಲೆ. ಆ ನಿಲ್ದಾಣದ ಕೆಲಸಕ್ಕೆಂದು ಹೋದ ಇಸ್ರೊ ಸಂಸ್ಥೆಯ ಮಂಗಳಾ ಮಣಿ 2016-17ರಲ್ಲಿ 403 ದಿನಗಳನ್ನು ಅಲ್ಲಿ ಕಳೆದರು. ತಂಡದಲ್ಲಿ ಅವರೊಬ್ಬರೇ ಮಹಿಳೆ.

ಆದರೂ ದನಿ ಕೇಳಿದ ಮಾತ್ರಕ್ಕೆ ದೂರ ಕರಗೀತೆ? ಊರಿನಲ್ಲಿ ಹೆತ್ತವರು ಹಾಸಿಗೆ ಹಿಡಿದರೂ, ಮಗು ಹುಟ್ಟಿದರೂ, ಚಳಿಗಾಲದಲ್ಲಿ ಅಲ್ಲಿರುವವರು ಕೇಳಿ ಸುಮ್ಮನಿರಬೇಕು. ಇದನ್ನರಿತೋ ಏನೋ, ಅಂಚೆ ಇಲಾಖೆ 1984ರಲ್ಲೇ ದಕ್ಷಿಣ ಗಂಗೋತ್ರಿಯಲ್ಲಿ ಅಂಚೆಮನೆ ತೆರೆಯಿತು. ಗೋವೆಯ ವಿಭಾಗಕ್ಕೆ ಸೇರಿದ ಆ ಅಂಚೆಮನೆ ಮುಂದೆ ಮೈತ್ರಿಗೆ ವರ್ಗವಾಯಿತು; 2024ರ ಏಪ್ರಿಲ್ 5ರಂದು ಭಾರತಿಯಲ್ಲೂ ಒಂದು ಶಾಖೆ ಆರಂಭವಾಯಿತು. ಅಲ್ಲಿಗೆ ಹೋಗುವ ಕಾಗದಗಳೂ ಗೋವೆಯ ಕೇಂದ್ರದಲ್ಲೇ ಕೂಡುತ್ತವೆ; ಯಾತ್ರೆಗೆ ಹೊರಟವರ ಗಂಟಿನೊಡನೆ ಹಿಮದ ನಾಡನ್ನು ಸೇರಿ, ಮುದ್ರೆ ಹೊತ್ತು ಹಿಂದಿರುಗುತ್ತವೆ.

ಹಿಮದಲ್ಲಿ ಧ್ವಜ ನೆಟ್ಟವರ ಚಿತ್ರ ಪತ್ರಿಕೆಗಳಲ್ಲಿ ಬರುತ್ತದೆ. ಅವರ ವರ್ಷದ ಅನ್ನವನ್ನು, ಬೆಂಕಿಯನ್ನು, ಮದ್ದನ್ನು ಎಣಿಸಿಟ್ಟವರ ಚಿತ್ರ ಬರುವುದು ಅಪೂರ್ವ. ಅಲ್ಲಿ ಒಂದು ಚಳಿಗಾಲ ಯಾವ ಸುದ್ದಿಯನ್ನೂ ಮಾಡದೆ ಕಳೆದುಹೋದರೆ, ಗೋವೆಯ ಲೆಕ್ಕ ಸರಿಯಾಗಿತ್ತೆಂದೇ ತಿಳಿಯಬೇಕು.