ಗೋಡೆಗೆ ಎರಡು ಮಗ್ಗುಲು: ವ್ಯೂಹ ಬಿಡಿಸುವ ಆಟಗಳು

ಗ್ರೀಕರ ಪುರಾಣದಲ್ಲಿ ಡೇಡಲಸ್ ಎಂಬ ಶಿಲ್ಪಿಯ ಕತೆಯಿದೆ. ಕ್ರೀಟ್ ದ್ವೀಪದ ಅರಸ ಮಿನೋಸನ ಅರಮನೆಯಲ್ಲಿ ಗೂಳಿಯ ತಲೆ, ಮನುಷ್ಯನ ಮೈ ಇದ್ದ ಮಿನೊಟಾರ್ ಹುಟ್ಟಿತು. ಅದನ್ನು ಕೂಡಿಹಾಕಲು ಒಳಹೊಕ್ಕವರು ಹೊರಬರಲಾಗದಂಥ ಕಟ್ಟಡ ಬೇಕೆಂದು ಅರಸ ಕೇಳಿದ. ಡೇಡಲಸ್ ಕಟ್ಟಿಕೊಟ್ಟ. ಅಥೆನ್ಸ್ ನಗರವು ಕಪ್ಪವಾಗಿ ಕಳಿಸುತ್ತಿದ್ದ ಏಳು ಹುಡುಗರು, ಏಳು ಹುಡುಗಿಯರು ಅದರೊಳಗೆ ಹೋಗಿ ಮಿನೊಟಾರಿಗೆ ಆಹಾರವಾಗುತ್ತಿದ್ದರು. ಒಂದು ಸಲ ಆ ಗುಂಪಿನಲ್ಲಿ ಥೀಸಿಯಸ್ ಎಂಬ ರಾಜಕುಮಾರ ಬಂದ. ಮಿನೋಸನ ಮಗಳು ಅರಿಯಾಡ್ನೆ ಅವನಿಗೊಂದು ನೂಲಿನ ಉಂಡೆ ಕೊಟ್ಟಳು. ಅದರ ತುದಿಯನ್ನು ಬಾಗಿಲಿಗೆ ಕಟ್ಟಿ ಬಿಚ್ಚುತ್ತ ಒಳಗೆ ಹೋದ ಥೀಸಿಯಸ್, ಮಿನೊಟಾರನ್ನು ಕೊಂದು ಅದೇ ನೂಲು ಹಿಡಿದು ಹೊರಬಂದ.

ಕತೆ ಸಾಮಾನ್ಯವಾಗಿ ಇಲ್ಲಿಗೆ ನಿಲ್ಲುತ್ತದೆ. ಆದರೆ ಮುಂದಿನ ಭಾಗವೇ ನಮಗೆ ಮುಖ್ಯ. ನೂಲಿನ ಉಪಾಯ ಡೇಡಲಸನದೇ ಎಂದು ತಿಳಿದ ಮಿನೋಸ್, ಅವನನ್ನೂ ಅವನ ಮಗ ಐಕರಸನನ್ನೂ ಅದೇ ಕಟ್ಟಡದೊಳಗೆ ತಳ್ಳಿಸಿದ. ಕಟ್ಟಿದವನೇ ಕೈದಿಯಾದ. ಕೊನೆಗೆ ರೆಕ್ಕೆ ಮಾಡಿಕೊಂಡು ಹಾರಿಹೋಗಬೇಕಾಯಿತು. ಕಟ್ಟುವ ಹೊತ್ತಿನಲ್ಲೇ ಬಾಗಿಲಿಗೆ ಮರಳಲು ಡೇಡಲಸ್ ಕಷ್ಟಪಟ್ಟನೆಂದು ರೋಮನ್ ಕವಿ ಆವಿಡ್ ಹೇಳುತ್ತಾನೆ.

ವ್ಯೂಹದ ಆಟಗಳ ತಿರುಳು ಇದೇ. ಎದುರಾಳಿಯನ್ನು ತಡೆಯಲು ಎಬ್ಬಿಸಿದ ಗೋಡೆಗೆ ಇನ್ನೊಂದು ಮಗ್ಗುಲೂ ಇದೆ, ಆ ಮಗ್ಗುಲಲ್ಲಿ ನಿಂತಿರುವವರು ನಾವು. ಇದನ್ನು ಮರೆತು ಆಡಿದವರು ಸೋಲುತ್ತಾರೆ.

ಒಂದೇ ದಾರಿ, ಹಲವು ದಾರಿ

ಸುತ್ತುದಾರಿಗಳಲ್ಲಿ ಎರಡು ಬಗೆ. ಒಂದರಲ್ಲಿ ಕವಲೇ ಇಲ್ಲ. ದಾರಿ ಎಷ್ಟೇ ಬಳಸಿದರೂ ನಡೆಯುತ್ತ ಹೋದವರು ನಡುವನ್ನು ಮುಟ್ಟುತ್ತಾರೆ. ಇನ್ನೊಂದರಲ್ಲಿ ಹೆಜ್ಜೆಹೆಜ್ಜೆಗೂ ಕವಲು; ಕೆಲವು ಮುಂದಕ್ಕೆ ಒಯ್ಯುತ್ತವೆ, ಕೆಲವು ಮುಚ್ಚಿದ ಗೋಡೆಗೆ ತಂದು ನಿಲ್ಲಿಸುತ್ತವೆ.

ಕ್ರೀಟಿನ ಕ್ನೊಸೊಸ್ ನಗರದ ಹಳೆಯ ನಾಣ್ಯಗಳ ಮೇಲೆ ಏಳು ಸುತ್ತಿನ ವ್ಯೂಹದ ಚಿತ್ರವಿದೆ. ಅದಕ್ಕೂ ಹಿಂದೆ, ಕ್ರಿ.ಪೂ. 1200ರ ಸುಮಾರಿಗೆ, ಗ್ರೀಸಿನ ಪೈಲೊಸ್ ಅರಮನೆಯ ಯಾರೋ ಒಬ್ಬ ಲಿಪಿಕಾರ ಲೆಕ್ಕದ ಮಣ್ಣಿನ ಫಲಕದ ಹಿಂಬದಿಯಲ್ಲಿ ಇದೇ ಏಳು ಸುತ್ತನ್ನು ಗೀಚಿದ್ದ. ಈ ವಿನ್ಯಾಸದಲ್ಲಿ ಇರುವುದು ಒಂದೇ ದಾರಿ. ಇಲ್ಲಿ ಕಳೆದುಹೋಗಲು ಸಾಧ್ಯವೇ ಇಲ್ಲ, ನೂಲೂ ಬೇಡ. ಕತೆಯಲ್ಲಿರುವುದು ಕವಲುಗಳ ವ್ಯೂಹ, ನಾಣ್ಯದಲ್ಲಿರುವುದು ಕವಲಿಲ್ಲದ ಸುತ್ತು.

ನಮ್ಮ ಹಳೇಬೀಡಿನಲ್ಲೂ ಇಂಥದೊಂದು ಸುತ್ತನ್ನು ನೋಡಬಹುದು. 12ನೆಯ ಶತಮಾನದ ಹೊಯ್ಸಳೇಶ್ವರ ದೇವಾಲಯದ ಹೊರಗೋಡೆಯ ಪಟ್ಟಿಕೆಯಲ್ಲಿ ಅಭಿಮನ್ಯುವಿನ ಚಕ್ರವ್ಯೂಹವನ್ನು ಶಿಲ್ಪಿಗಳು ಒಳಗೊಳಗೆ ಸುತ್ತಿಕೊಳ್ಳುವ ದಾರಿಯಾಗಿ ಕಡೆದಿದ್ದಾರೆ. ಕುಮಾರವ್ಯಾಸನ ದ್ರೋಣಪರ್ವದಲ್ಲಿ, ಯಕ್ಷಗಾನದ ‘ಅಭಿಮನ್ಯು ಕಾಳಗ’ದಲ್ಲಿ ನಾವು ಬಲ್ಲ ಅದೇ ಕತೆ. ಹುಡುಗನಿಗೆ ಒಳಹೊಗುವುದು ಗೊತ್ತು, ಹೊರಬರುವುದು ಗೊತ್ತಿಲ್ಲ. ಹಿಂದಿನಿಂದ ಬರಬೇಕಾದ ಪಾಂಡವರನ್ನು ಜಯದ್ರಥ ಬಾಗಿಲಲ್ಲೇ ತಡೆದ. ಒಂದು ದಿನದ ಮಟ್ಟಿಗೆ ಆ ತಡೆ ಗೆದ್ದಿತು. ಮರುದಿನ ಅರ್ಜುನನ ಬಾಣ ಹುಡುಕಿದ್ದು ಆ ದಾರಿ ಮುಚ್ಚಿದವನನ್ನೇ, ದ್ರೋಣ ಅವನ ಸುತ್ತ ಇನ್ನೊಂದು ವ್ಯೂಹ ಕಟ್ಟಿದರೂ ಉಳಿಸಲಾಗಲಿಲ್ಲ.

ದೇವಗಿರಿಯ ಕತ್ತಲ ದಾರಿ

ಕಲ್ಲಿನಲ್ಲಿ ಕಡೆದ ನಿಜವಾದ ಗೋಜಲು ದಾರಿಯೊಂದನ್ನು ಕಾಲಿಟ್ಟು ನೋಡಬೇಕೆಂದರೆ ಮಹಾರಾಷ್ಟ್ರದ ಛತ್ರಪತಿ ಸಂಭಾಜಿನಗರ ಜಿಲ್ಲೆಗೆ ಹೋಗಬೇಕು. ಜಿಲ್ಲೆಯ ‘ಕನ್ನಡ’ ಎಂಬ ಹೆಸರಿನ ಪಟ್ಟಣದಿಂದ ಸಂಭಾಜಿನಗರದ ಕಡೆಗೆ ಹೊರಟರೆ ಮೊದಲು ಎಲ್ಲೋರ ಸಿಗುತ್ತದೆ. ರಾಷ್ಟ್ರಕೂಟರ ಒಂದನೆಯ ಕೃಷ್ಣ ಕಡೆಸಿದ ಕೈಲಾಸ ದೇವಾಲಯ ಇರುವುದು ಇಲ್ಲೇ. ಇಲ್ಲಿನ 21ನೆಯ ಗುಹೆಯಲ್ಲಿ ಶಿವ ಪಾರ್ವತಿಯರು ಪಗಡೆಗೆ ಕೂತ ಶಿಲ್ಪವಿದೆ. ಅದನ್ನು ಕಡೆದವರು ಆಟವನ್ನು ದೇವರ ಮನೆಯೊಳಗೇ ಕೂರಿಸಿದ ಜನ. ಅದೇ ದಾರಿಯಲ್ಲಿ ಮುಂದೆ ಬಂದರೆ ದೌಲತಾಬಾದ್, ಅಂದರೆ ಹಿಂದಿನ ದೇವಗಿರಿ. 12ನೆಯ ಶತಮಾನದ ಕೊನೆಯಲ್ಲಿ ಸೇವುಣ ದೊರೆ ಐದನೆಯ ಭಿಲ್ಲಮ ಇದನ್ನು ರಾಜಧಾನಿ ಮಾಡಿಕೊಂಡ. ಸೇವುಣರು ಕನ್ನಡದಲ್ಲೂ ಹೇರಳವಾಗಿ ಶಾಸನ ಬರೆಸಿದವರು, ಹೊಯ್ಸಳರೊಡನೆ ಕೃಷ್ಣೆ-ತುಂಗಭದ್ರೆಯ ನಡುವಣ ನೆಲಕ್ಕಾಗಿ ತಲೆಮಾರುಗಟ್ಟಲೆ ಹೋರಾಡಿದವರು.

ಒಂಟಿ ಗುಡ್ಡದ ಬುಡವನ್ನು ಸುತ್ತಲೂ ನೆಟ್ಟಗೆ ಕಡಿದು, ಕೆಳಗೆ ಆಳವಾದ ಕಂದಕ ತೋಡಿದ್ದಾರೆ. ಕಂದಕ ದಾಟಿದವರು ಬಂಡೆಯೊಳಗೆ ಕೊರೆದ ಸುರಂಗವನ್ನೇ ಹೊಗಬೇಕು. ಅದಕ್ಕೆ ‘ಅಂಧೇರಿ’ ಎಂದೇ ಹೆಸರು. ಒಳಗೆ ಕಗ್ಗತ್ತಲು. ದಾರಿ ತಿರುಗುತ್ತದೆ, ಏರುತ್ತದೆ, ಮೆಟ್ಟಿಲುಗಳ ಎತ್ತರ ಒಂದರಂತೆ ಒಂದಿಲ್ಲ. ಹೊಸಬರ ಕಾಲು ಅಲ್ಲೇ ತಡವರಿಸುತ್ತದೆ, ಕಾವಲಿನವನಿಗೆ ಅದು ನಿತ್ಯದ ದಾರಿ. ಮೇಲ್ತುದಿಯ ಬಾಯಿಗೆ ಕಬ್ಬಿಣದ ಮುಚ್ಚಳ ಹಾಕಿ, ಬೆಂಕಿಯೊಡ್ಡಿ, ಹೊಗೆ ತುಂಬಿಸುವ ಏರ್ಪಾಡಿತ್ತು. ಈ ಕಾವಲೆಲ್ಲ ಒಂದೇ ಕಾಲದ್ದಲ್ಲ. ಸೇವುಣರ ನಂತರ ಬಂದ ಸುಲ್ತಾನರೂ ಕೋಟೆಯನ್ನು ಬೆಳೆಸುತ್ತ ಹೋದರು.

ಇಂಥ ಗಟ್ಟಿ ಗುಡ್ಡ 1296ರಲ್ಲಿ ಅಲಾವುದ್ದೀನ್ ಖಿಲ್ಜಿಗೆ ಮಣಿಯಿತು. ಅವನು ಗೋಡೆ ಹಾರಲಿಲ್ಲ, ಬಂಡೆ ಕೊರೆಯಲಿಲ್ಲ. ದೊರೆ ರಾಮಚಂದ್ರನ ಮುಖ್ಯ ಸೇನೆ ಮಗನೊಡನೆ ದೂರದಲ್ಲಿತ್ತು. ಅವಸರದಲ್ಲಿ ಕೋಟೆಯೊಳಕ್ಕೆ ಸಾಗಿಸಿದ್ದ ಮೂಟೆಗಳಲ್ಲಿ ಇದ್ದದ್ದು ಧಾನ್ಯವಲ್ಲ, ಉಪ್ಪು ಎಂದು ತಿಳಿದದ್ದು ಆಮೇಲೆ ಎಂದು ಇತಿಹಾಸಕಾರ ಫಿರಿಶ್ತಾ ಬರೆದಿದ್ದಾನೆ. ಹೊರಗಿನವರು ಒಳಬರದಂತೆ ಮಾಡಿದ ಕೋಟೆ ಒಳಗಿನವರಿಗೆ ಹೊರಗಿನ ಅನ್ನವನ್ನೂ ಮುಚ್ಚಿತು. ಗೋಡೆಯ ಎರಡನೆಯ ಮಗ್ಗುಲಿಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಒಬ್ಬರೇ ಬಿಡಿಸುವಾಗ

ಎದುರಾಳಿಯಿಲ್ಲದ ವ್ಯೂಹವನ್ನು ಬಿಡಿಸುವ ಬಗೆಗಳು ಗೊತ್ತಾಗಿಬಿಟ್ಟಿವೆ. ಹೊಗುವ ಬಾಗಿಲಲ್ಲೇ ಬಲಗೈಯನ್ನು ಗೋಡೆಗೆ ತಾಗಿಸಿ, ಕೈ ಎತ್ತದೆ ನಡೆಯುತ್ತ ಹೋದರೆ ಸಾಕು, ಬಾಗಿಲೊಂದು ಸಿಕ್ಕೇ ಸಿಗುತ್ತದೆ. ಈ ಉಪಾಯ ಸೋಲುವುದು ಒಂದೇ ಕಡೆ. ನಾವು ಮುಟ್ಟಬೇಕಾದ ಜಾಗದ ಸುತ್ತಲಿನ ಗೋಡೆ ಹೊರಗೋಡೆಗೆ ಎಲ್ಲಿಯೂ ಕೂಡದೆ ದ್ವೀಪದಂತೆ ನಿಂತಿದ್ದರೆ, ಕೈ ಅದನ್ನು ತಾಕುವುದೇ ಇಲ್ಲ. ಆಗ ಫ್ರಾನ್ಸಿನ ಟ್ರೆಮೊ ತೋರಿಸಿದ, 1882ರಲ್ಲಿ ಗಣಿತಜ್ಞ ಎಡ್ವರ್ಡ್ ಲ್ಯೂಕಾ ಅವರ ಪುಸ್ತಕದಲ್ಲಿ ಅಚ್ಚಾದ ಬಗೆ ನೆರವಿಗೆ ಬರುತ್ತದೆ. ನಡೆದ ದಾರಿಗೆಲ್ಲ ಒಂದು ಗೆರೆ ಎಳೆಯಿರಿ. ಹೊಸ ದಾರಿಯಲ್ಲಿ ನಡೆದು ಮೊದಲೇ ಕಂಡ ಕವಲಿಗೆ ಮತ್ತೆ ಬಂದರೆ ಬಂದ ದಾರಿಯಲ್ಲೇ ಹಿಂದಿರುಗಿ. ಎರಡು ಗೆರೆ ಬಿದ್ದ ದಾರಿಗೆ ಮೂರನೆಯ ಸಲ ಹೋಗಬೇಡಿ. ಅರಿಯಾಡ್ನೆಯ ನೂಲು ಮಾಡಿದ ಕೆಲಸವೂ ಇದೇ, ನಡೆದದ್ದರ ನೆನಪನ್ನು ನೆಲದ ಮೇಲೆ ಇಡುವುದು.

1950ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದ ಕ್ಲಾಡ್ ಶಾನನ್ ಈ ನೆನಪನ್ನು ಯಂತ್ರಕ್ಕೆ ಕೊಟ್ಟರು. 25 ಚೌಕಗಳ ಹಲಗೆಯ ಮೇಲೆ ಓಡುವ ಪುಟ್ಟ ಇಲಿ, ಅದಕ್ಕೆ ಥೀಸಿಯಸ್ ಎಂದೇ ಹೆಸರು. ಹಲಗೆಯ ಕೆಳಗೆ ಟೆಲಿಫೋನ್ ರಿಲೇಗಳು, ಆಯಸ್ಕಾಂತ. ಮೊದಲ ಓಟದಲ್ಲಿ ಇಲಿ ಗೋಡೆಗೆ ಡಿಕ್ಕಿ ಹೊಡೆಯುತ್ತ ದಾರಿ ಹುಡುಕುತ್ತಿತ್ತು, ಎರಡನೆಯ ಓಟದಲ್ಲಿ ನೇರವಾಗಿ ಗುರಿ ಮುಟ್ಟುತ್ತಿತ್ತು. ಗೋಡೆ ಕದಲಿಸಿದರೆ ಕದಲಿಸಿದಷ್ಟನ್ನು ಮತ್ತೆ ಕಲಿಯುತ್ತಿತ್ತು. ಯಂತ್ರವೂ ಕಲಿಯಬಲ್ಲದು ಎಂದು ತೋರಿಸಿದ ಮೊದಮೊದಲ ಪ್ರಯೋಗಗಳಲ್ಲಿ ಇದೊಂದು.

ಎದುರಾಳಿ ಬಂದಾಗ

ನೆನಪೊಂದೇ ಸಾಲದೆ ಹೋಗುವುದು ಇನ್ನೊಬ್ಬರು ಆಟಕ್ಕೆ ಕೂತಾಗ. ಗೋಡೆಗಳನ್ನು ಕದಲಿಸುವ ಕೈ ಅವರದೂ ಆಗಿರುತ್ತದೆ.

ಗ್ರೀಕ್ ಕತೆಯನ್ನೇ ಹಿಡಿದು ಲೆಗೊ ಕಂಪನಿ 2009ರಲ್ಲಿ ‘ಮಿನೊಟಾರಸ್’ ಎಂಬ ಆಟ ತಂದಿತು. ಆಟಗಾರರು ತಮ್ಮ ತಮ್ಮ ವೀರರನ್ನು ಮೂಲೆಯಿಂದ ನಡುವಿನ ಗುಡಿಗೆ ಮುಟ್ಟಿಸಬೇಕು. ದಾಳದ ಒಂದು ಮುಖ ಬಿದ್ದರೆ ಗೋಡೆ ಎತ್ತಿ ಬೇರೆಡೆ ಇಡಬಹುದು, ಇನ್ನೊಂದು ಬಿದ್ದರೆ ಮಿನೊಟಾರನ್ನು ಎಂಟು ಮನೆ ನಡೆಸಬಹುದು. ಸಿಕ್ಕಿದ ವೀರ ಮೊದಲಿನ ಜಾಗಕ್ಕೆ ಮರಳುತ್ತಾನೆ. ಇಲ್ಲಿ ಮಿನೊಟಾರ್ ಯಾರ ಪಕ್ಷವೂ ಅಲ್ಲ. ದಾಳ ಯಾರ ಕೈಯಲ್ಲಿದೆಯೋ ಅವರ ಮಾತು ಕೇಳುತ್ತದೆ, ಮುಂದಿನ ಸರದಿಯಲ್ಲಿ ಅವರನ್ನೇ ಅಟ್ಟುತ್ತದೆ.

1986ರಲ್ಲಿ ಜರ್ಮನಿಯ ರಾವೆನ್ಸ್‌ಬರ್ಗರ್ ಕಂಪನಿ ತಂದ ‘ಲ್ಯಾಬಿರಿಂತ್’ ಆಟವನ್ನು ರೂಪಿಸಿದವರು ಮ್ಯಾಕ್ಸ್ ಕೋಬರ್ಟ್. 7×7 ಮನೆಗಳ ಹಾಸಿನಲ್ಲಿ 16 ಬಿಲ್ಲೆಗಳು ಅಲುಗದಂತೆ ಕೂತಿವೆ, 33 ಜಾರುತ್ತವೆ, ಒಂದು ಹೊರಗೆ ಉಳಿದಿರುತ್ತದೆ. ಸರದಿ ಬಂದವರು ಹೊರಗಿನ ಬಿಲ್ಲೆಯನ್ನು ಅಂಚಿನಿಂದ ತಳ್ಳಬೇಕು. ಇಡೀ ಸಾಲು ಜಾರಿ, ಆಚೆ ತುದಿಯಿಂದ ಇನ್ನೊಂದು ಬಿಲ್ಲೆ ಹೊರಬೀಳುತ್ತದೆ. ಆಮೇಲೆ ತೆರೆದ ದಾರಿಯಲ್ಲಿ ಕಾಯಿ ಎಷ್ಟು ದೂರವಾದರೂ ನಡೆಯಬಹುದು. ತಳ್ಳುವುದು ಕಡ್ಡಾಯ. ಇದ್ದ ದಾರಿ ಚೆನ್ನಾಗಿದ್ದರೂ ಏನನ್ನಾದರೂ ಕದಲಿಸಲೇಬೇಕು. ಹೊಸಬರು ಎದುರಾಳಿಯ ದಾರಿ ಕೆಡಿಸುವ ಹುರುಪಿನಲ್ಲಿ ತಮ್ಮ ದಾರಿಯನ್ನೇ ಮುರಿದುಕೊಳ್ಳುವುದು ಇಲ್ಲೇ.

ಈ ಮಾತನ್ನು ನಿಯಮವಾಗಿಯೇ ಬರೆದ ಆಟ ‘ಕ್ವೊರಿಡಾರ್’. ಮಿರ್ಕೊ ಮಾರ್ಕೇಸಿ ರೂಪಿಸಿದ ಇದು 1997ರಲ್ಲಿ ಬಂತು. 9×9 ಮನೆಗಳು, ಇಬ್ಬರಿಗೆ ತಲಾ ಒಂದು ಕಾಯಿ, ತಲಾ ಹತ್ತು ಗೋಡೆ. ಸರದಿಗೆ ಒಂದು ಹೆಜ್ಜೆ ಇಡಬೇಕು, ಇಲ್ಲವೇ ಎರಡು ಮನೆ ಅಗಲದ ಒಂದು ಗೋಡೆ ನಿಲ್ಲಿಸಬೇಕು. ಎದುರಿನ ಅಂಚು ಮೊದಲು ಮುಟ್ಟಿದವರು ಗೆದ್ದಂತೆ. ಎಷ್ಟೇ ಗೋಡೆ ಕಟ್ಟಿ, ಎದುರಾಳಿಗೆ ಒಂದು ದಾರಿಯಾದರೂ ಉಳಿಯಲೇಬೇಕು ಎಂಬ ಕಟ್ಟಳೆ ಈ ಆಟದ ಜೀವ. ದಾರಿ ಉದ್ದ ಮಾಡಬಹುದು, ಇಲ್ಲವಾಗಿಸುವಂತಿಲ್ಲ. ಗೋಡೆಯಿಟ್ಟ ಸರದಿಯಲ್ಲಿ ನಮ್ಮ ಕಾಯಿ ನಿಂತಲ್ಲೇ ನಿಂತಿರುತ್ತದೆ, ಅದೂ ಗೋಡೆಯ ಬೆಲೆಯೇ. ಆದ್ದರಿಂದ ಗೋಡೆ ಇಡುವ ಮುನ್ನ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಇದು ಅವರ ದಾರಿಗೆ ಎಷ್ಟು ಹೆಜ್ಜೆ ಕೂಡಿಸುತ್ತದೆ, ನನ್ನ ದಾರಿಗೆ ಎಷ್ಟು?

ಚೌಕಾಬಾರದ ಕಾಣದ ಬಾಗಿಲು

ನಮ್ಮ ಜಗಲಿಗಳ ಚೌಕಾಬಾರವೂ ಇದೇ ಕುಲದ ಆಟ. 5×5 ಮನೆ, ತಲಾ ನಾಲ್ಕು ಕಾಯಿ, ನಾಲ್ಕು ಕವಡೆ. ಹೊರಸುತ್ತಿನ 16 ಮನೆಗಳನ್ನು ಅಪ್ರದಕ್ಷಿಣವಾಗಿ ಸುತ್ತಿ, ಒಳಸುತ್ತಿನ 8 ಮನೆಗಳನ್ನು ಪ್ರದಕ್ಷಿಣವಾಗಿ ಸುತ್ತಿ, ನಡುಮನೆ ಮುಟ್ಟಿದರೆ ಕಾಯಿ ಹಣ್ಣಾಯಿತು. ನಾಲ್ಕು ಕವಡೆಯೂ ಮೇಲ್ಮುಖವಾಗಿ ಬಿದ್ದರೆ ಚೌಕ, ಅಂದರೆ ನಾಲ್ಕು; ನಾಲ್ಕೂ ಬೋರಲು ಬಿದ್ದರೆ ಬಾರ, ಅಂದರೆ ಎಂಟು. ಎರಡಕ್ಕೂ ಇನ್ನೊಂದು ಎಸೆತ ಸಿಗುತ್ತದೆ. ಕವಡೆಯ ಬದಲು ಬಳಸುವ ಒಡೆದ ಹುಣಸೆಬೀಜಗಳು ಎರಡು ಮುಖಕ್ಕೂ ಸಮವಾಗಿ ಬೀಳುತ್ತವೆ ಎಂದುಕೊಂಡರೆ 16 ಬಗೆಗಳಲ್ಲಿ ಎರಡು ಅಂಥವು, ಅಂದರೆ ಎಂಟಕ್ಕೊಂದು. ಎರಡು ಬೀಳುವ ಬಗೆ ಆರು, ಅದೇ ಎಲ್ಲಕ್ಕಿಂತ ಹೆಚ್ಚು. ಆದ್ದರಿಂದ ಎದುರಾಳಿಯ ಕಾಯಿಗೆ ಎರಡು ಮನೆ ಮುಂದೆ ನಿಲ್ಲುವುದು ಎಲ್ಲಕ್ಕಿಂತ ಅಪಾಯ.

ಹಲವು ಊರುಗಳಲ್ಲಿ ಆಡುವ ಒಂದು ನಿಯಮ ಇದನ್ನು ನಿಜವಾದ ವ್ಯೂಹವಾಗಿಸುತ್ತದೆ. ಎದುರಾಳಿಯ ಒಂದು ಕಾಯಿಯನ್ನಾದರೂ ಕಡಿಯದೆ ಒಳಸುತ್ತಿಗೆ ಹೋಗುವಂತಿಲ್ಲ. ಹಾಸಿನ ಮೇಲೆ ಎಲ್ಲಿಯೂ ಗೀಚದ ಗೋಡೆಯಿದು. ಕಟ್ಟೆಮನೆಯಲ್ಲಿ ಭದ್ರವಾಗಿ ಕೂತವರನ್ನು ಯಾರೂ ಕಡಿಯಲಾರರು, ಅವರೂ ಯಾರನ್ನೂ ಕಡಿಯಲಾರರು. ಬಾಗಿಲು ತೆರೆಸಿಕೊಳ್ಳಬೇಕಾದರೆ ಕಟ್ಟೆ ಬಿಟ್ಟು ಬಯಲಿಗೆ ಇಳಿಯಲೇಬೇಕು. ಇಷ್ಟು ಆಳದ ಆಟವನ್ನು ಸೀಮೆಸುಣ್ಣದ ಹನ್ನೆರಡು ಗೆರೆಗಳಲ್ಲಿ ಮಕ್ಕಳ ಕೈಗೆ ಕೊಡಬಹುದು, ಕೊಡಲೇಬೇಕು.

ಮನೆಯಲ್ಲೇ ಮಾಡಿ ಆಡಿ

1990ರಲ್ಲಿ ಅಮೆರಿಕದ ರಾಬರ್ಟ್ ಅಬಟ್ ‘ಥೀಸಿಯಸ್ ಮತ್ತು ಮಿನೊಟಾರ್’ ಎಂಬ ಒಗಟನ್ನು ಪ್ರಕಟಿಸಿದರು. ಥೀಸಿಯಸ್ ಒಂದು ಹೆಜ್ಜೆ ಇಟ್ಟರೆ ಮಿನೊಟಾರ್ ಎರಡು ಇಡುತ್ತದೆ. ಆದರೆ ಅದರ ನಡೆಗೆ ಬುದ್ಧಿಯಿಲ್ಲ. ಪ್ರತಿ ಹೆಜ್ಜೆಗೂ ಮೊದಲು ಅಡ್ಡಲಾಗಿ ಹತ್ತಿರ ಬರಲು ನೋಡುತ್ತದೆ, ಆಗದಿದ್ದರೆ ಲಂಬವಾಗಿ, ಎರಡೂ ಆಗದಿದ್ದರೆ ನಿಂತುಬಿಡುತ್ತದೆ. ಅದು ನಿಮ್ಮ ನೆಟ್ಟ ಮೇಲಿನ ಮನೆಯಲ್ಲಿದ್ದು ಅದರ ಕಾಲ ಕೆಳಗೆ ಗೋಡೆಯಿದೆ ಎನ್ನಿ. ಅಡ್ಡಲಾಗಿ ಹೋದರೆ ದೂರವಾಗುತ್ತದೆ, ಇಳಿಯಲು ಗೋಡೆ ಬಿಡದು. ನೀವು ಅದೇ ಸಾಲಿನಲ್ಲಿ ಕೆಳಗಿಳಿಯುತ್ತಿರುವವರೆಗೂ ಅದು ಅಲ್ಲೇ. ಪಕ್ಕದ ಸಾಲಿಗೆ ಕಾಲಿಟ್ಟಿರೋ, ಬೆನ್ನು ಹತ್ತುತ್ತದೆ.

ಇದನ್ನೇ ಇಬ್ಬರ ಪಂದ್ಯ ಮಾಡಬಹುದು. 6×6 ಮನೆ ಬರೆದು, ಒಬ್ಬರು 15 ಬೆಂಕಿಕಡ್ಡಿಗಳನ್ನು ಗೋಡೆಯಾಗಿ ಇಡಲಿ, ಅಂಚಿನಲ್ಲಿ ಒಂದು ಬಾಗಿಲು ಗುರುತಿಸಲಿ, ಥೀಸಿಯಸ್ ಮತ್ತು ಮಿನೊಟಾರ್ ಎಲ್ಲಿಂದ ಹೊರಡಬೇಕೆಂದು ಹೇಳಲಿ. ತಾವು ಕಂಡುಕೊಂಡ ದಾರಿಯನ್ನು ಹೆಜ್ಜೆಹೆಜ್ಜೆಯಾಗಿ ಚೀಟಿಯಲ್ಲಿ ಬರೆದು ಮಡಿಸಿಡಲಿ. ಇನ್ನೊಬ್ಬರಿಗೆ ಹೊರಬರಲು ಮೂರು ಅವಕಾಶ. ಆಮೇಲೆ ಚೀಟಿ ಬಿಚ್ಚಿ ಬರೆದಂತೆ ನಡೆಸಿ. ಕಟ್ಟಿದವರೇ ಸಿಕ್ಕಿಬಿದ್ದರೆ ಅಂಕ ಎದುರಾಳಿಗೆ. ಕಟ್ಟಿದವರು ಪಾರಾಗಿ ಎದುರಾಳಿ ಸಿಕ್ಕಿಬಿದ್ದರೆ ಅಂಕ ಕಟ್ಟಿದವರಿಗೆ. ಇಬ್ಬರೂ ಪಾರಾದರೆ ಕಡಿಮೆ ಹೆಜ್ಜೆಯವರಿಗೆ, ಹೆಜ್ಜೆ ಸಮವಾದರೆ ಬಿಡಿಸಿದವರಿಗೆ. ಮುಂದಿನ ಸುತ್ತಿಗೆ ಪಾತ್ರ ಬದಲಾಗಲಿ.

ಮಕ್ಕಳು ಮೊದಲು ಯಾರೂ ಬಿಡಿಸಲಾಗದ ವ್ಯೂಹ ಕಟ್ಟಲು ಹೊರಡುತ್ತಾರೆ. ಚೀಟಿ ತುಂಬಲು ಕೂತಾಗ ತಮ್ಮ ಕಡ್ಡಿಗಳನ್ನು ತಾವೇ ಒಂದೊಂದಾಗಿ ತೆಗೆದಿಡಬೇಕಾಗುತ್ತದೆ. ಆ ತೆಗೆದಿಡುವಿಕೆಯಲ್ಲಿ ಕಲಿಯುವುದು ಬಹಳ: ಎದುರಾಳಿಯ ಕಣ್ಣಿನಿಂದ ಹಾಸನ್ನು ನೋಡುವುದು, ತಾನು ಮಾಡಿದ ನಿಯಮಕ್ಕೆ ತಾನೂ ಒಳಪಡುವುದು, ಕಷ್ಟವಾದದ್ದಕ್ಕೂ ಅಸಾಧ್ಯವಾದದ್ದಕ್ಕೂ ಇರುವ ಅಂತರ ಅರಿಯುವುದು. ಬೇಕಾಗಿರುವುದು ಒಂದು ಹಾಳೆ, ಒಂದು ಬೆಂಕಿಪೊಟ್ಟಣ, ಎದುರಿಗೆ ಕೂರುವ ಇನ್ನೊಬ್ಬರು.