ಗರ್ಭನಂಜು: ಅದು ಎಲ್ಲಿಂದ ಬರುತ್ತದೆ?

ಕಳೆದ ವರ್ಷ ಶಿಡ್ಲಘಟ್ಟದಲ್ಲಿರುವ ನಮ್ಮ ಆಪಾಗೆ ಏಳು ತಿಂಗಳಾಗಿದ್ದಾಗ ಮುಖ, ಕೈ ಬಾತುಕೊಂಡವು. ತಲೆನೋವು ಬಿಡಲೇ ಇಲ್ಲ. "ಬಸುರಿಗೆ ಇದೆಲ್ಲ ಇದ್ದದ್ದೇ" ಎಂದರು ಮನೆಯವರು. ತಾಯಿ ಕಾರ್ಡ್ ನೋಡಲು ಬಂದ ಆಶಾ ಕಾರ್ಯಕರ್ತೆ ಮಾತ್ರ ಅಂದೇ ಆಸ್ಪತ್ರೆಗೆ ಕಳಿಸಿದರು. ಬಿ.ಪಿ. 160/110 ಇತ್ತು. ಮಗು ದಿನ ತುಂಬುವ ಮೊದಲೇ ಹುಟ್ಟಿತು, ತೂಕ ಒಂದೂವರೆ ಕೆ.ಜಿ. ಅಲ್‌ಹಮ್ದುಲಿಲ್ಲಾಹ್, ಈಗ ಇಬ್ಬರೂ ಚೆನ್ನಾಗಿದ್ದಾರೆ. ಕಾಯಿಲೆಯ ಹೆಸರು ಪ್ರಿ-ಎಕ್ಲಾಂಪ್ಸಿಯಾ, ಕನ್ನಡದಲ್ಲಿ ಗರ್ಭನಂಜು.

ನಂಜು ಎಂದರೆ ವಿಷ. ಈ ವಿಷ ಎಲ್ಲಿಂದ ಬಂತು ಎಂದು ಹುಡುಕಿದಾಗ, ನಾವು ಜೀವಶಾಸ್ತ್ರದಲ್ಲಿ ಓದುವ ಪ್ಲಸೆಂಟಾ, ಅಂದರೆ ಮಾಸು, ಸಿಕ್ಕಿತು.

ಬಸಿರಿನ ಮೊದಲ ತಿಂಗಳುಗಳಲ್ಲಿ ಮಾಸಿನ ಜೀವಕೋಶಗಳು ಗರ್ಭಕೋಶದ ಸಣ್ಣ ರಕ್ತನಾಳಗಳೊಳಗೆ ನುಗ್ಗಿ ಅವನ್ನು ಅಗಲ ಮಾಡುತ್ತವೆ. ಈ ಕೆಲಸ ಅರ್ಧಕ್ಕೆ ನಿಂತರೆ ಮಾಸಿಗೆ ರಕ್ತ ಸಾಲದು. ಮಗು ಬೆಳೆಯುವುದಿಲ್ಲ. ಸೊರಗಿದ ಮಾಸು ಕೆಲವು ಪ್ರೋಟೀನ್‌ಗಳನ್ನು ತಾಯಿಯ ರಕ್ತಕ್ಕೆ ಅತಿಯಾಗಿ ಬಿಡುತ್ತದೆ. ತಮಿಳುನಾಡಿನಲ್ಲಿ ವೈದ್ಯಕೀಯ ಓದಿ ಅಮೆರಿಕಕ್ಕೆ ಹೋದ ಡಾ. ಅನಂತ್ ಕರುಮಂಚಿಯವರ ತಂಡ 2003ರಲ್ಲಿ ಅಂಥ ಒಂದು ಪ್ರೋಟೀನನ್ನು ಗುರುತಿಸಿತು. ಹೆಸರು ಎಸ್‌ಎಫ್‌ಎಲ್‌ಟಿ-1. ಅದನ್ನು ಇಲಿಗಳಲ್ಲಿ ಹೆಚ್ಚಿಸಿದಾಗ ಅವುಗಳ ರಕ್ತದೊತ್ತಡ ಏರಿತು, ಮೂತ್ರದಲ್ಲಿ ಪ್ರೋಟೀನ್ ಬಂತು. ನಮ್ಮ ಹಿರಿಯರು ಇಟ್ಟ 'ನಂಜು' ಎಂಬ ಹೆಸರು ಅಷ್ಟೇನೂ ತಪ್ಪಲ್ಲ! ಹೆರಿಗೆಯಾಗಿ ಮಾಸು ಹೊರಬಂದ ಮೇಲೆಯೇ ಈ ಕಾಯಿಲೆ ಇಳಿಯತೊಡಗುವುದು ಇದೇ ಕಾರಣಕ್ಕೆ.

ರಕ್ತನಾಳಗಳು ಕೆಲವರಲ್ಲಿ ಮಾತ್ರ ಏಕೆ ಅಗಲವಾಗುವುದಿಲ್ಲ? ಇದಿನ್ನೂ ಪೂರ್ತಿ ಬಗೆಹರಿದಿಲ್ಲ. ಆದರೆ ಊಟದಲ್ಲಿ ಕ್ಯಾಲ್ಸಿಯಂ ಕಡಿಮೆ ಇರುವವರಿಗೆ ಅದರ ಮಾತ್ರೆ ಕೊಟ್ಟರೆ ಅಪಾಯ ತಗ್ಗುತ್ತದೆ. ಎಷ್ಟು ಬೇಕು? ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆ ಚೊಚ್ಚಲ ಬಸುರಿಯರಾದ 11,000 ಮಹಿಳೆಯರಲ್ಲಿ ಇದನ್ನು ಪರೀಕ್ಷಿಸಿತು. 2024ರ ಜನವರಿಯಲ್ಲಿ ಪ್ರಕಟವಾದ ಫಲಿತಾಂಶ: ದಿನಕ್ಕೆ 500 ಮಿ.ಗ್ರಾಂ. ತೆಗೆದುಕೊಂಡವರಲ್ಲಿ ಶೇ. 3.0, 1500 ಮಿ.ಗ್ರಾಂ. ತೆಗೆದುಕೊಂಡವರಲ್ಲಿ ಶೇ. 3.6 ಮಂದಿಗೆ ಗರ್ಭನಂಜು ಬಂತು. ಅಂದರೆ ಮೂರು ಮಾತ್ರೆಯ ಕೆಲಸಕ್ಕೆ ಒಂದೇ ಸಾಕಾಗಬಹುದು.

ಕಾಲು ಬಾತ ಮಾತ್ರಕ್ಕೆ ಗರ್ಭನಂಜು ಎನ್ನಲಾಗದು; ಬಾವು ಇಲ್ಲದೆಯೂ ಅದು ಬರಬಹುದು. ತಿಳಿಯುವುದು ಬಿ.ಪಿ. ಮತ್ತು ಮೂತ್ರ ಪರೀಕ್ಷೆಯಿಂದ. ಐದು ತಿಂಗಳ ನಂತರ ಬಿ.ಪಿ. 140/90 ಮುಟ್ಟಿದರೆ, ತಲೆನೋವು ಬಿಡದಿದ್ದರೆ, ಕಣ್ಣು ಮಂಜಾದರೆ, ಹೊಟ್ಟೆಯ ಮೇಲ್ಭಾಗ ನೋಯುತ್ತಿದ್ದರೆ ತಡಮಾಡಬಾರದು.

ಗೌರಿಬಿದನೂರು, ಚಿಂತಾಮಣಿಯಿಂದ ಬಸ್ಸಿನಲ್ಲಿ ಬರುವ ಗೆಳತಿಯರೇ, ನಿಮ್ಮ ಮನೆಯಲ್ಲೂ ಬಸುರಿ ಅಕ್ಕ, ಆಪಾ, ಭಾಬಿ ಇರಬಹುದು. ಇಂದು ಸಂಜೆ ಅವರ ತಾಯಿ ಕಾರ್ಡ್ ತೆರೆದು, ಕೊನೆಯ ಸಲ ಬಿ.ಪಿ. ಬರೆದ ದಿನ ಯಾವುದೆಂದು ನೋಡಿ.